ಚೋಕಿನ ಕಡ್ಡಿಯೂ ಹೊಸ ಯಂತ್ರದ ಬೇಡಿಕೆಯೂ



ಸಂಘದ ವತಿಯಿಂದ ಬಾಡಿಗೆಗೆ ಕೊಡಲು ಇನ್ನೂ ಎರಡು ಪವರ್ ಸ್ಪ್ರೇಯರ್ ಕೊಳ್ಳಬೇಕೆಂಬ ಬೇಡಿಕೆ ಈ ಸಲವೂ ಬಂದಿದೆ. ಸಹಿ ಹಾಕಿದವರಲ್ಲಿ ನನ್ನ ಆತ್ಮೀಯರೂ ನೆರೆಹೊರೆಯವರೂ ಇದ್ದಾರೆ. ಕಾರ್ಯದರ್ಶಿಯಾಗಿ ಅದನ್ನು ಆಡಳಿತ ಮಂಡಳಿಯ ಮುಂದಿಡುವುದು ನನ್ನ ಕರ್ತವ್ಯ, ಇಡುತ್ತೇನೆ. ಆದರೆ ಒಬ್ಬ ಬೆಳೆಗಾರನಾಗಿ ನನ್ನ ಅಭಿಪ್ರಾಯ ಬೇರೆಯೇ ಇದೆ. ಸಭೆಯಲ್ಲಿ ಕಾಫಿ ಬರುವ ಹೊತ್ತಿಗೆ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ಮಾತು ಅದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಹೊಸ ಯಂತ್ರ ಕೊಳ್ಳುವ ಮೊದಲು, ಇರುವ ಯಂತ್ರಗಳು ಯಾಕೆ ಮೂಲೆ ಸೇರಿವೆ ಎಂಬುದನ್ನು ನೋಡಬೇಕು. ನಮ್ಮ ಗೋದಾಮಿನ ಹಿಂಬದಿಯಲ್ಲಿ ಸುಣ್ಣದ ಚೀಲಗಳ ಪಕ್ಕ ಮೂರು ಯಂತ್ರಗಳು ನಿಂತಿವೆ. ಎರಡು ಔಷಧಿ ಹೊಡೆಯುವ ಎಂಜಿನ್ನುಗಳು, ಒಂದು ಕಳೆ ಕೊಚ್ಚುವ ಯಂತ್ರ. ಮೂರಕ್ಕೂ ‘ಸ್ಟಾರ್ಟ್ ಆಗುವುದಿಲ್ಲ’ ಎಂಬ ಚೀಟಿ ಕಟ್ಟಿದೆ. ಕಳೆದ ತಿಂಗಳು ಅವುಗಳ ಗಾಳಿ ಶೋಧಕದ ಡಬ್ಬಿ ಬಿಚ್ಚಿ ನೋಡಿದೆ. ಹಗ್ಗ ಎಳೆದರೆ ಕಂಪ್ರೆಶನ್ ಇದೆ, ಪ್ಲಗ್ಗಿನಲ್ಲಿ ಕಿಡಿ ಇದೆ, ಪೆಟ್ರೋಲು ಇಳಿಯುತ್ತಿದೆ. ಒಂದರಲ್ಲಿ ಚೋಕಿನ ಕಡ್ಡಿ ಕಳಚಿ ಎಲ್ಲೋ ಬಿದ್ದುಹೋಗಿದೆ. ಇನ್ನೊಂದರಲ್ಲಿ ಆ ಕಡ್ಡಿಯ ಜಾಗಕ್ಕೆ ಯಾರೋ ಪುಣ್ಯಾತ್ಮರು ಕಟ್ಟುತಂತಿ ಸುತ್ತಿದ್ದಾರೆ. ಮೂರನೆಯದರಲ್ಲಿ ಚೋಕಿನ ಸ್ಪ್ರಿಂಗು ತುಂಡಾಗಿದೆ. ಮೂರು ಯಂತ್ರ ಸತ್ತದ್ದು ಒಂದು ಗೇಣು ತಂತಿಯ ದೆಸೆಯಿಂದ.

ಇದು ಸಣ್ಣ ವಿಷಯವೆಂದು ತೋರಬಹುದು. ಮೃಗಶಿರ ಮಳೆ ಕೂಡುವುದಕ್ಕೆ ಮುಂಚೆ ಅಡಿಕೆಗೆ ಮೊದಲ ಔಷಧಿ ಆಗಬೇಕು. ಅದಾದ 40-45 ದಿನಕ್ಕೆ, ಅಂದರೆ ಪುಷ್ಯ ಮಳೆಯ ಹೊತ್ತಿಗೆ, ಎರಡನೆಯದು. ಎರಡನೆಯದಕ್ಕೆ ನಮಗೆ ಸಿಗುವುದು ಮಳೆ ಹೊಳವಾದ ಒಂದೋ ಎರಡೋ ದಿನ. ಆ ದಿನ ಕೊನೆಗಾರ ಸಿಗಬೇಕು, ಮೈಲುತುತ್ತ ಸುಣ್ಣ ಸಿದ್ಧವಿರಬೇಕು, ಎಂಜಿನ್ನು ಹೊರಡಬೇಕು. 200 ಲೀಟರಿನ ಡ್ರಮ್ಮಿಗೆ 2 ಕಿಲೋ ಮೈಲುತುತ್ತ, 2 ಕಿಲೋ ಸುಣ್ಣ ಕರಗಿಸಿ ಹದಮಾಡಿದ ಮೇಲೆ ಆ ದ್ರಾವಣ ನಾಳೆಗೆ ಬರುವುದಿಲ್ಲ. ಮಾಡಿದ ದಿನವೇ ಮುಗಿಸಬೇಕು. ಎಂಜಿನ್ನು ಹೊರಡದಿದ್ದರೆ ಡ್ರಮ್ಮು ಚೆಲ್ಲಿದಂತೆಯೇ. ಕೊನೆಗಾರ ಮಧ್ಯಾಹ್ನದವರೆಗೆ ಕಾದು ಬೇರೆಯವರ ತೋಟಕ್ಕೆ ಹೋಗುತ್ತಾನೆ. ಸಂಜೆಗೆ ಮತ್ತೆ ಮಳೆ ಹಿಡಿಯುತ್ತದೆ. ಆಮೇಲೆ ಕೊಳೆ ಬಂದ ಕಾಯಿ ಬುಡದಲ್ಲಿ ಉದುರಿದ್ದನ್ನು ಎಣಿಸುವುದೊಂದೇ ಉಳಿಯುವ ಕೆಲಸ. ಕಾಫಿಯವರಿಗೂ ಇದೇ ಪಾಡು. ಎಲೆ ತುಕ್ಕಿಗೆ ಶೇ. 0.5ರ ಬೋರ್ಡೋವನ್ನು ಮುಂಗಾರಿಗೆ ಮೊದಲೊಮ್ಮೆ, ಮಳೆ ಇಳಿದ ಮೇಲೊಮ್ಮೆ ಕೊಡಬೇಕಾದವರಿಗೆ ಒಂದು ವಾರದ ತಡವೂ ದುಬಾರಿ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ಮದ್ದೆಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ತೋರಿಸಿಕೊಟ್ಟರು. ಅದಕ್ಕೂ ಮುಂಚೆ ನಮ್ಮ ಹಿರಿಯರು ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಅಂದಿನಿಂದ ಇಂದಿನವರೆಗೆ ಮದ್ದು ಅದೇ. ಬದಲಾದದ್ದು ಪಂಪು. ಕಾಲಿನಿಂದಲೂ ಕೈಯಿಂದಲೂ ಒತ್ತುತ್ತಿದ್ದ ಗಟಾರ್ ಪಂಪು ಹೋಗಿ ಎಂಜಿನ್ನಿನ ಎಚ್.ಟಿ.ಪಿ. ಪಂಪು ಬಂತು, ಈಚೆಗೆ ಮರ ಹತ್ತದೆ ನೆಲದಿಂದಲೇ ಹೊಡೆಯುವ ಕಾರ್ಬನ್ ಫೈಬರ್ ದೋಟಿಯೂ ಬಂದಿದೆ. ಗಟಾರ್ ಪಂಪಿನ ವಾಶರು ಹೋದರೆ ಅಲ್ಲೇ ತೊಗಲು ಕತ್ತರಿಸಿ ಹಾಕಿಕೊಳ್ಳುತ್ತಿದ್ದ ಮನೆಗಳಲ್ಲಿ, ಈಗ ಎಂಜಿನ್ನು ಕೆಮ್ಮಿದರೆ ಪೇಟೆಗೆ ಜೀಪು ಹೊರಡುತ್ತದೆ.

ಚೋಕು ಮಾಡುವ ಕೆಲಸವೇನೆಂದು ಮೊದಲು ಹೇಳಿಬಿಡುತ್ತೇನೆ. ಎಂಜಿನ್ನಿಗೆ ಹೋಗುವ ಗಾಳಿ ಕಾರ್ಬುರೇಟರಿನ ಇಕ್ಕಟ್ಟಾದ ಕೊರಳಿನಲ್ಲಿ ಹಾಯುವಾಗ ಅಲ್ಲಿ ಒತ್ತಡ ಇಳಿದು, ಕೆಳಗಿನ ಬಟ್ಟಲಿನಿಂದ ಪೆಟ್ರೋಲು ಸಣ್ಣ ತೂತಿನ ಮೂಲಕ ಮೇಲೆದ್ದು ಗಾಳಿಯೊಂದಿಗೆ ಬೆರೆಯುತ್ತದೆ. ಬರ್ನೌಲಿಯ ತತ್ವವೆಂದು ಕಾಲೇಜಿನಲ್ಲಿ ನಾವು ಪರೀಕ್ಷೆಗೆ ಬರೆದು ಮರೆತದ್ದು ಇದೇ. ಬಿಸಿಯಾದ ಎಂಜಿನ್ನಿಗೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 15 ಪಾಲು ಗಾಳಿ ಸಾಕು. ತಣ್ಣಗಿರುವಾಗ ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲ. ಹಗ್ಗ ಎಳೆದಾಗ ಹುಟ್ಟುವ ಸೆಳೆತವೂ ಕಡಿಮೆ. ಆಗ ಗಾಳಿಯ ದಾರಿಗೆ ಅಡ್ಡ ಹಿಡಿದು ಸೆಳೆತ ಹೆಚ್ಚಿಸಿ, ಪೆಟ್ರೋಲು ಜಾಸ್ತಿ ಬರುವಂತೆ ಮಾಡುವ ಹಿತ್ತಾಳೆಯ ಅಥವಾ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆಯೇ ಚೋಕು. ಎಂಜಿನ್ನು ಹೊರಟು ಸ್ವಲ್ಪ ಕಾವೇರಿದೊಡನೆ ಆ ಬಿಲ್ಲೆ ಪೂರ್ತಿ ತೆರೆದುಕೊಳ್ಳಬೇಕು.

ಈ ಬಿಲ್ಲೆಯನ್ನು ಕೆಲವು ಮಾದರಿಗಳಲ್ಲಿ ಕಾರ್ಬುರೇಟರಿನ ಮೇಲಿರುವ ಲಿವರೇ ನೇರವಾಗಿ ತಿರುಗಿಸುತ್ತದೆ. ಇನ್ನು ಕೆಲವದರಲ್ಲಿ ಲಿವರು ಬೇರೆ ಕಡೆ ಇದ್ದು, ನಡುವೆ ಒಂದು ತೆಳುವಾದ ಕಡ್ಡಿಯೋ ಕೇಬಲ್ಲೋ ಇರುತ್ತದೆ. ಎಡವಟ್ಟು ಹೆಚ್ಚಾಗಿ ಆಗುವುದು ಈ ನಡುವಿನ ಕೊಂಡಿಯಲ್ಲಿ. ಹೊರಗೆ ಲಿವರು ಸರಿಯಾಗಿಯೇ ಓಡಾಡುತ್ತದೆ, ಒಳಗೆ ಬಿಲ್ಲೆ ಅಲ್ಲಾಡುವುದಿಲ್ಲ. ನಾವು ಲಿವರನ್ನು ನಂಬಿ ಹಗ್ಗ ಎಳೆದೇ ಎಳೆಯುತ್ತೇವೆ. ಹಗ್ಗ ತುಂಡಾಗುತ್ತದೆ, ರಿಪೇರಿಯ ಬಿಲ್ಲಿಗೆ ಹಗ್ಗವೂ ಸೇರುತ್ತದೆ.

ಪರೀಕ್ಷೆ ಸುಲಭ. ಪ್ಲಗ್ಗಿನ ವಯರನ್ನು ಮೊದಲು ಕಳಚಿಡಿ. ಗಾಳಿ ಶೋಧಕದ ಡಬ್ಬಿ ತೆಗೆಯಿರಿ. ಕಾರ್ಬುರೇಟರಿನ ಬಾಯಿ ಕಾಣುತ್ತದೆ. ಇನ್ನೊಬ್ಬರಿಗೆ ಲಿವರು ತಿರುಗಿಸಲು ಹೇಳಿ ನೀವು ಬಾಯಿಯೊಳಗೆ ನೋಡಿ. ಚೋಕು ಹಾಕಿದಾಗ ಬಿಲ್ಲೆ ಬಾಯಿಯನ್ನು ಪೂರ್ತಿ ಮುಚ್ಚಬೇಕು. ತೆಗೆದಾಗ ಅದರ ಅಂಚು ಮಾತ್ರ ಕಾಣುವಂತೆ ನೇರವಾಗಿ ನಿಲ್ಲಬೇಕು. ಬಿಲ್ಲೆಯಲ್ಲಿ ಒಂದು ಸಣ್ಣ ತೂತೋ ಕಚ್ಚೋ ಇದ್ದರೆ ಅದು ಕಂಪೆನಿಯವರೇ ಇಟ್ಟದ್ದು. ಅದಕ್ಕೆ ಬೆಸುಗೆ ಹಾಕಿ ಮುಚ್ಚಿದ ಜಾಣರನ್ನೂ ನಾನು ಕಂಡಿದ್ದೇನೆ. ಬಿಲ್ಲೆಯ ಅಚ್ಚಿನ ತುದಿಯಲ್ಲಿ ಹೊರಗೆ ಒಂದು ಪುಟ್ಟ ತೋಳು ಇರುತ್ತದೆ. ಅದನ್ನು ಬೆರಳಿನಿಂದ ತಿರುಗಿಸಿ ಬಿಲ್ಲೆ ಮುಚ್ಚಿದರೆ ಎಂಜಿನ್ನು ಹೊರಡುತ್ತದೆ, ಲಿವರಿನಿಂದ ಹೊರಡುವುದಿಲ್ಲವೆಂದಾದರೆ, ದೋಷ ಕೊಂಡಿಯಲ್ಲಿ ಮಾತ್ರ. ಕಾರ್ಬುರೇಟರಿಗೆ ಕೈ ಹಾಕುವ ಅಗತ್ಯವೇ ಇಲ್ಲ. ಕೆಲವರು ಬಾಯಿಗೆ ಅಂಗೈ ಮುಚ್ಚಿ, ಇಲ್ಲವೇ ನೇರ ಪೆಟ್ರೋಲು ಹನಿಸಿ ಹೊರಡಿಸುತ್ತಾರೆ. ಎಂಜಿನ್ನು ಹಿಂದಕ್ಕೆ ಸಿಡಿದರೆ ಬೆಂಕಿ ಬರುವುದು ಅದೇ ಬಾಯಿಂದ. ಅದನ್ನು ಮಾಡಕೂಡದು.

ಕಡ್ಡಿ ಕಳೆದಿದ್ದರೆ ಮಾಡಿಕೊಳ್ಳಬಹುದು. ಸೈಕಲ್ಲಿನ ಸಾಮಾನ್ಯ ಸ್ಪೋಕ್ ಕಡ್ಡಿ ಸುಮಾರು 2 ಮಿ.ಮೀ. ದಪ್ಪವಿರುತ್ತದೆ. ಅದರ ಒಂದು ತುದಿ ಮೊದಲೇ ಬಾಗಿ ತಲೆಕಟ್ಟಿರುತ್ತದೆ. ಲಿವರಿನ ತೂತು ಅದಕ್ಕೆ ಹಿಡಿಸುವಷ್ಟಿದ್ದರೆ ಆ ತಲೆಯೇ ಕಡ್ಡಿ ಜಾರದಂತೆ ತಡೆಯುತ್ತದೆ. ಅಳತೆಯನ್ನು ತೂತಿನ ನಡುವಿನಿಂದ ತೂತಿನ ನಡುವಿಗೆ ತೆಗೆಯಬೇಕು. ಲಿವರು ಚೋಕಿನ ಸ್ಥಾನದಲ್ಲಿ, ಬಿಲ್ಲೆ ಪೂರ್ತಿ ಮುಚ್ಚಿರುವಾಗ ತೆಗೆಯಬೇಕು. ಆಮೇಲೆ ಇನ್ನೊಂದು ತುದಿಯನ್ನು ವೈಸಿನಲ್ಲಿ ಹಿಡಿದು ಲಂಬಕ್ಕೆ ಬಗ್ಗಿಸಿ. ಒಂದೇ ಸಲ ಬಗ್ಗಿಸಿ. ಹಿಂದೆ ಮುಂದೆ ಮಾಡಿದರೆ ಅಲ್ಲೇ ಬಿರುಕು ಬಿಡುತ್ತದೆ. ಒಲೆಯಲ್ಲಿ ಕಾಯಿಸಬೇಡಿ, ಉಕ್ಕಿನ ಬಿಗಿ ಹೋಗುತ್ತದೆ. ತೂತಿನಲ್ಲಿ ತೂರಿಸಿದ ಮೇಲೆ ಹೊರಚಾಚಿದ ತುದಿಗೆ ಪೆಟ್ರೋಲ್ ಪೈಪಿನ ಒಂದು ಸಣ್ಣ ತುಂಡನ್ನು ಬಿಗಿಯಾಗಿ ತುರುಕಿದರೆ ಅದೇ ಕ್ಲಿಪ್ಪು. ಒಂದು ಹಂಗಾಮಿಗೆ ಧಾರಾಳ. ತೂತು 2 ಮಿ.ಮೀ.ಗಿಂತ ಚಿಕ್ಕದಾಗಿದ್ದರೆ ಡ್ರಿಲ್ ಮಾಡಿ ಹಿಗ್ಗಿಸುವ ಬದಲು ತೆಳುವಾದ ಸ್ಪ್ರಿಂಗ್ ತಂತಿ ಬಳಸಿ. ಎರಡು ಮೂರು ಮಿ.ಮೀ. ಉದ್ದ ಹೆಚ್ಚು ಕಡಿಮೆಯಾದರೂ ಬಿಲ್ಲೆ ಒಂದು ಕಡೆ ಪೂರ್ತಿ ಹೋಗುವುದಿಲ್ಲವಾದ್ದರಿಂದ, ಮುಚ್ಚುವುದನ್ನೂ ತೆರೆಯುವುದನ್ನೂ ಎರಡನ್ನೂ ಕಣ್ಣಿಂದ ನೋಡಿಯೇ ಡಬ್ಬಿ ಮುಚ್ಚಿರಿ. ಕೇಬಲ್ಲಿನ ಮಾದರಿಯಲ್ಲಾದರೆ ಹಿಡಿಕೆಯ ಸ್ಕ್ರೂ ಸಡಿಲಿಸಿ, ಲಿವರನ್ನು ಚೋಕಿಗೆ ಇಟ್ಟು, ಬಿಲ್ಲೆಯನ್ನು ಬೆರಳಿನಿಂದ ಮುಚ್ಚಿ ಹಿಡಿದು, ಕೇಬಲ್ಲಿನ ಹೊರಕವಚವನ್ನು ಸಡಿಲವಿಲ್ಲದಂತೆ ಎಳೆದು ಬಿಗಿದರೆ ಮುಗಿಯಿತು.

ಕಟ್ಟುತಂತಿಯ ಮಾತು. ದಯವಿಟ್ಟು ಬೇಡ. ಅದು ಮೆತ್ತನೆಯ ಕಬ್ಬಿಣ. ಎಳೆದಾಗ ಬರುತ್ತದೆ, ನೂಕಿದಾಗ ಬಳುಕುತ್ತದೆ. ಬಿಲ್ಲೆ ಅರ್ಧ ಮುಚ್ಚಿಕೊಂಡೇ ಎಂಜಿನ್ನು ದಿನವಿಡೀ ಓಡುತ್ತದೆ. ಕಪ್ಪು ಹೊಗೆ ಬರುತ್ತದೆ, ಪ್ಲಗ್ಗು ಮಸಿಯಾಗುತ್ತದೆ, ಪೆಟ್ರೋಲು ಎರಡರಷ್ಟು ಕುಡಿಯಿತೆಂದು ಕೆಲಸದವನನ್ನು ಬಯ್ಯುತ್ತೇವೆ. ಹೊಗೆ ಕಣ್ಣಿಗೆ ಕಾಣುತ್ತದೆ. ಕಾಣದ ಹಾನಿ ಇನ್ನೂ ದೊಡ್ಡದು. ಉರಿಯದೆ ಉಳಿದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿದು ಎಂಜಿನ್ ಆಯಿಲ್ಲನ್ನು ನೀರಾಗಿಸುತ್ತದೆ. ರಿಂಗು ಸವೆಯುತ್ತದೆ. ಹೀಗೆ ಒಂದು ಹಂಗಾಮು ನಡೆದರೆ, ಕಡ್ಡಿಯಲ್ಲಿ ಮುಗಿಯಬೇಕಾದದ್ದು ಬೋರ್ ಕೆಲಸಕ್ಕೆ ಬಂದು ನಿಲ್ಲುತ್ತದೆ. ಸ್ಪ್ರಿಂಗಿರುವ ಮಾದರಿಗಳಲ್ಲಿ ಸ್ಪ್ರಿಂಗು ಸೋತರೂ ಇದೇ ಕಥೆ. ಎಂಜಿನ್ನಿನ ನಡುಕಕ್ಕೆ ಬಿಲ್ಲೆ ತಾನೇ ಮುಚ್ಚಿಕೊಳ್ಳುತ್ತಾ ಬರುತ್ತದೆ. ಬಾಲ್ ಪೆನ್ನಿನ ಸ್ಪ್ರಿಂಗು ಅದಕ್ಕೆ ಆಗುವುದಿಲ್ಲ. ಅದು ಒತ್ತುವ ಜಾತಿಯದು, ಇಲ್ಲಿ ಬೇಕಾದದ್ದು ಎಳೆಯುವ ಅಥವಾ ತಿರುಚುವ ಜಾತಿಯದು.

ನಮ್ಮ ಕಡೆ ಈ ಭಾಗಗಳು ಬೇಗ ಹಾಳಾಗಲು ಕಾರಣ ನಮ್ಮ ಮದ್ದೇ. ಬೋರ್ಡೋ ಹದವಾಗಿದೆಯೇ ಎಂದು ನೋಡಲು ಹೊಳೆಯುವ ಚೂರಿಯನ್ನು ಅದ್ದುತ್ತೇವಲ್ಲ, ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದು ಎನ್ನುತ್ತೇವಲ್ಲ, ಆ ಕೆಂಪು ಎಂದರೆ ಕಬ್ಬಿಣವನ್ನು ತಿಂದು ಅದರ ಮೇಲೆ ಕೂತ ತಾಮ್ರ. ಚೂರಿಯನ್ನು ತಿನ್ನುವುದು ಚೋಕಿನ ಎಳೆ ಸ್ಪ್ರಿಂಗನ್ನು ಬಿಡುತ್ತದೆಯೇ? ಎಂಜಿನ್ನನ್ನು ಮರದ ಬುಡದಲ್ಲಿಟ್ಟು ಮೇಲೆ ಔಷಧಿ ಹೊಡೆದರೆ ತೊಟ್ಟಿಕ್ಕುವುದೆಲ್ಲ ಅದರ ಮೇಲೆ. ಸುಣ್ಣ ಒಣಗಿ ಬಿಲ್ಲೆಯ ಅಚ್ಚು ಗಟ್ಟಿ ಹಿಡಿಯುತ್ತದೆ. ಲಿವರನ್ನು ಬಲವಂತ ಮಾಡಿದರೆ ಪ್ಲಾಸ್ಟಿಕ್ ಲಟಕ್ಕನೆ ಮುರಿಯುತ್ತದೆ. ಪೈಪು ಎಷ್ಟು ಉದ್ದವಿದೆಯೋ ಅಷ್ಟು ದೂರ, ಗಾಳಿ ಬರುವ ಕಡೆಗೆ ಎಂಜಿನ್ನನ್ನು ಇಡಿ. ಸಂಜೆ ಅದು ತಣಿದ ಮೇಲೆ ಶೋಧಕದ ಡಬ್ಬಿ ಹಾಕಿರುವಾಗಲೇ ಒದ್ದೆ ಬಟ್ಟೆಯಿಂದ ಒರೆಸಿ, ಕೊಂಡಿಯ ಎರಡು ತುದಿಗೂ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಹಾಕಿ. ಒಂದೇ ಹನಿ, ಸುರಿದರೆ ಧೂಳು ಕೂತು ಮತ್ತೆ ಅದೇ ಪಾಡು. ಹಂಗಾಮು ಮುಗಿದ ಮೇಲೆ ಟ್ಯಾಂಕು, ಕಾರ್ಬುರೇಟರಿನ ಬಟ್ಟಲು ಎರಡನ್ನೂ ಖಾಲಿ ಮಾಡಿಡಬೇಕು. ಈಗ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಅದು ನೀರನ್ನು ಸೆಳೆಯುವ ಗುಣದ್ದು, ಮಲೆನಾಡಿನ ಗಾಳಿಯಲ್ಲಿ ನೀರಿಗೇನು ಬರ.

ಒಂದು ಎಚ್ಚರಿಕೆ ಇದೆ. ಬಿಲ್ಲೆಯನ್ನು ಅಚ್ಚಿಗೆ ಹಿಡಿದ ಒಂದೋ ಎರಡೋ ಪುಟ್ಟ ಸ್ಕ್ರೂಗಳನ್ನು ಸುಮ್ಮನೆ ಬಿಚ್ಚಬಾರದು. ಅವು ಸಡಿಲವಾಗಿ ಬಿದ್ದರೆ ಹೋಗುವುದು ಎಂಜಿನ್ನಿನ ಹೊಟ್ಟೆಗೆ. ಬಿಚ್ಚಲೇಬೇಕಾದರೆ ಸ್ಕ್ರೂ ಲಾಕ್ ಮಾಡುವ ಅಂಟು ಹಾಕಿ ಬಿಗಿಯಬೇಕು. ಅಷ್ಟು ಧೈರ್ಯವಿಲ್ಲದವರು ಅದನ್ನು ತಿಳಿದವರಿಗೆ ಬಿಡುವುದು ಲೇಸು. ಪೆಟ್ರೋಲಿನ ಕೆಲಸವನ್ನು ಅಡಿಕೆ ಬೇಯಿಸುವ ಒಲೆಯ ಹತ್ತಿರ ಮಾಡಬಾರದೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ಇಷ್ಟನ್ನೂ ಬರೆದದ್ದು ಎಲ್ಲರನ್ನೂ ಮೆಕ್ಯಾನಿಕ್ ಮಾಡುವುದಕ್ಕಲ್ಲ. ‘ನಾವು ಬೆಳೆಗಾರರೋ ಮೆಕ್ಯಾನಿಕ್ಕುಗಳೋ’ ಎಂದು ಹಿರಿಯ ಸದಸ್ಯರೊಬ್ಬರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಗೇರು ಕುಡುಗೋಲಿಗೆ ಸಾಣೆ ಹಿಡಿಯುವವನು ಕಮ್ಮಾರನಾಗುವುದಿಲ್ಲ. ಬಿಲ್ಲೆ ಅಲ್ಲಾಡುತ್ತದೆಯೇ ಇಲ್ಲವೇ ಎಂದು ನೋಡಲು ಬರುವವನನ್ನು ಪೇಟೆಯಲ್ಲಿ ಯಾರೂ ಸುಲಭವಾಗಿ ಏಮಾರಿಸಲಾರರು, ಅಷ್ಟೇ ಅದರ ಲಾಭ. ನಮ್ಮ ಸದಸ್ಯರೊಬ್ಬರ ಯಂತ್ರವನ್ನು ಪೇಟೆಯ ಅಂಗಡಿಯೊಂದರಲ್ಲಿ ‘ಕಾರ್ಬುರೇಟರೇ ಹೋಗಿದೆ’ ಎಂದು ಇಡಿಯಾಗಿ ಬದಲಿಸಿದರು. ಹೊಸದು ಬರುವ ಹೊತ್ತಿಗೆ ಹನ್ನೊಂದು ದಿನವಾಗಿತ್ತು, ಹೊಳವು ಕಳೆದಿತ್ತು. ಬದಲಿಸಿದ ಹಳೆಯದನ್ನು ಅವರು ಚೀಲದಲ್ಲಿ ತಂದು ತೋರಿಸಿದಾಗ ಕಂಡದ್ದು ಒಂದು ಸ್ಪ್ರಿಂಗು ಇಲ್ಲದ್ದು ಮಾತ್ರ.

ಅಂಗಡಿಯವರನ್ನೇ ದೂರಿ ಪ್ರಯೋಜನವಿಲ್ಲ. ಸ್ಪ್ರಿಂಗು, ಕಡ್ಡಿ, ಕ್ಲಿಪ್ಪು ಇವನ್ನು ಬಿಡಿಯಾಗಿ ಕೇಳಿದರೆ, ಹಲವು ಸಲ ಅವರಿಗೂ ಸಿಗುವುದು ಪೂರ್ತಿ ಕಾರ್ಬುರೇಟರು. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಒಂದು ಸಮಿತಿ ರಚಿಸಿತು. ಅದು ಮೊದಲಿಗೆ ಗುರುತಿಸಿದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಯಂತ್ರೋಪಕರಣವೂ ಒಂದು. ಅದೇ ವರ್ಷದ ಡಿಸೆಂಬರಿನಲ್ಲಿ ಇದಕ್ಕೆಂದೇ ಒಂದು ಪೋರ್ಟಲ್ಲನ್ನೂ ತೆರೆಯಲಾಯಿತು. ಆದರೆ ದೆಹಲಿಯಲ್ಲಿ ಹಕ್ಕು ಸಿಕ್ಕಿದರೆ ನಮ್ಮ ತೋಟಕ್ಕೆ ಸ್ಪ್ರಿಂಗು ತಾನಾಗಿ ನಡೆದು ಬರುವುದಿಲ್ಲ. ಹೊಸ ಯಂತ್ರಕ್ಕೆ ಸಬ್ಸಿಡಿ ಉಂಟು, ಫಲಾನುಭವಿಯ ಫೋಟೋ ಉಂಟು. ಸ್ಪ್ರಿಂಗಿಗೆ ಎರಡೂ ಇಲ್ಲ. ಹಾಗಾಗಿಯೇ ಎಲ್ಲರ ಕಣ್ಣು ಹೊಸ ಯಂತ್ರದ ಕಡೆಗೆ.

ಇನ್ನು ಬ್ಯಾಟರಿಯ ಯಂತ್ರ ಬರುತ್ತಿದೆ, ಅದಕ್ಕೆ ಚೋಕೇ ಇಲ್ಲ, ಈ ಪುರಾಣ ಯಾಕೆ ಎನ್ನುವ ತರುಣರಿದ್ದಾರೆ. ಕಾಫಿ ಗಿಡಕ್ಕೆ, ಎಳೆ ಸಸಿಗೆ ಬ್ಯಾಟರಿಯ ಬೆನ್ನಪಂಪು ಚೆನ್ನಾಗಿಯೇ ಇದೆ, ನಾನೂ ಒಪ್ಪುತ್ತೇನೆ. ಬೆಳೆದ ಅಡಿಕೆ ಮರದ ಕೊನೆಗೆ ಮುಟ್ಟಿಸುವ ಒತ್ತಡ ಅದರಿಂದ ಬಾರದು. ಮೋಟಾರು ಹಾಕೋಣವೆಂದರೆ ಆರಿದ್ರಾ ಮಳೆಯಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆಂದು ನಿಮಗೇ ಗೊತ್ತು. ಇನ್ನೂ ಕೆಲವು ವರ್ಷ ಪೆಟ್ರೋಲ್ ಎಂಜಿನ್ನಿನೊಡನೆಯೇ ನಮ್ಮ ಬಾಳು.

ಆದುದರಿಂದ ಆಡಳಿತ ಮಂಡಳಿಯ ಮುಂದೆ ನಾನಿಡುವ ಸಲಹೆ ಇದು. ಈ ವರ್ಷ ಒಂದು ಯಂತ್ರ ಮಾತ್ರ ಕೊಳ್ಳೋಣ, ಅದೂ ನಮ್ಮಲ್ಲಿ ಈಗಾಗಲೇ ಇರುವ ಮಾದರಿಯದನ್ನೇ. ಪ್ರತಿ ಸಲ ಅಗ್ಗ ಸಿಕ್ಕಿತೆಂದು ಬೇರೆ ಬೇರೆ ಕಂಪೆನಿಯದನ್ನು ತಂದು, ಒಂದರ ಕಡ್ಡಿ ಇನ್ನೊಂದಕ್ಕೆ ಆಗದ ಸ್ಥಿತಿಯನ್ನು ನಾವೇ ತಂದುಕೊಂಡಿದ್ದೇವೆ. ಕೊಳ್ಳುವಾಗ ಬಿಡಿಭಾಗಗಳ ಪಟ್ಟಿಯನ್ನು ದರದೊಡನೆ ಬರಹದಲ್ಲಿ ಕೇಳಬೇಕು; ಚೋಕಿನ ಕಡ್ಡಿ, ಸ್ಪ್ರಿಂಗು ಬಿಡಿಯಾಗಿ ಕೊಡುವುದಿಲ್ಲವೆನ್ನುವವರ ಯಂತ್ರ ಬೇಡ. ಎರಡನೆಯ ಯಂತ್ರದ ಹಣದಲ್ಲಿ ಗೋದಾಮಿನ ಕಿಟಕಿಯ ಬಳಿ ಒಂದು ಮೇಜು, ವೈಸು, ಒಂದು ಕಪಾಟು ಮಾಡೋಣ. ಸ್ಪೋಕು, ಸ್ಪ್ರಿಂಗು, ಕ್ಲಿಪ್ಪು, ಪೆಟ್ರೋಲ್ ಪೈಪು, ಗ್ಯಾಸ್ಕೆಟ್ಟು, ಪ್ಲಗ್ಗು ಅಲ್ಲಿರಲಿ. ಐ.ಟಿ.ಐ. ಓದಿದ ನಮ್ಮೂರಿನ ಇಬ್ಬರು ಹುಡುಗರಿಗೆ ಮೇಯಿಂದ ಆಗಸ್ಟಿನವರೆಗೆ ಅಲ್ಲಿ ಕೂರಲು ಸಂಬಳ ಕೊಡೋಣ. ಬಾಡಿಗೆಗೆ ಹೋದ ಯಂತ್ರ ವಾಪಸು ಬಂದಾಗ ಡಬ್ಬಿ ತೆಗೆದು ಬಿಲ್ಲೆ ನೋಡಿ, ಪುಸ್ತಕದಲ್ಲಿ ಬರೆದ ಮೇಲೆಯೇ ಠೇವಣಿ ಹಿಂದಿರುಗಿಸುವ ಪದ್ಧತಿ ಬರಬೇಕು. ಇದರಿಂದ ನಾಲ್ಕು ಜನಕ್ಕೆ ಬೇಸರವಾದೀತು, ಆಗಲಿ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಯಂತ್ರ ನಡೆಸುವವರಿಗೆ ಕಲಿಸುವುದು. ಹಗ್ಗ ಎಳೆಯುವವರು ತೋಟದ ಕೆಲಸದವರು. ತರಬೇತಿಗೆಂದು ಬಂದು ಊಟ ಮಾಡಿ ಹೋಗುವವರು ಧಣಿಗಳು. ಈ ಸಲದ ತರಬೇತಿಗೆ ಸದಸ್ಯರು ತಮ್ಮ ಬದಲು ಎಂಜಿನ್ನು ಹೊರಡಿಸುವ ಕೈಯನ್ನೇ ಕಳಿಸಬೇಕು, ಆ ದಿನದ ಕೂಲಿಯನ್ನೂ ಕೊಡಬೇಕು. ಕಳೆ ಯಂತ್ರ ನಡೆಸುವ ಹೆಣ್ಣುಮಕ್ಕಳೂ ಬರಲಿ.

ಗೋದಾಮಿನ ಆ ಮೂರು ಯಂತ್ರಗಳಲ್ಲಿ ಎರಡಕ್ಕೆ ಕಡ್ಡಿ ಹಾಕಿಯಾಗಿದೆ, ಓಡುತ್ತಿವೆ. ಮೂರನೆಯದಕ್ಕೆ ಸ್ಪ್ರಿಂಗು ಹುಡುಕುತ್ತಿದ್ದೇವೆ. ತಮ್ಮ ಮನೆಯ ಯಂತ್ರ ತೋರಿಸಬೇಕೆನ್ನುವವರು ಮೇ ಎರಡನೆಯ ವಾರದೊಳಗೆ, ಬೆಳಗ್ಗೆ ಹತ್ತರ ಮೇಲೆ ತರಬಹುದು. ಟ್ಯಾಂಕನ್ನು ಖಾಲಿ ಮಾಡಿ ತನ್ನಿ. ಮುರಿದ ಕಡ್ಡಿ, ತುಂಡಾದ ಸ್ಪ್ರಿಂಗು ಏನಿದ್ದರೂ ಬಿಸಾಡದೆ ಒಂದು ಚೀಟಿಯಲ್ಲಿ ಕಟ್ಟಿ ಜೊತೆಗೆ ತನ್ನಿ. ಹೊಸದಕ್ಕೆ ಅಳತೆ ಸಿಗುವುದು ಅದರಿಂದಲೇ.